ಮಾತು ಮುಗಿಯುವ ಊರು

ತಟ್. ಸ್ವಲ್ಪ ಹೊತ್ತು ಬಿಟ್ಟು, ತಟ್, ತಟ್.

ಎಸ್ತೆರ್ ಕಣ್ಣು ಬಿಟ್ಟಳು. ಪಕ್ಕದ ಮಂಚದಲ್ಲಿ ಅಮ್ಮನಿಗೆ ಗಾಢ ನಿದ್ದೆ. ಗಂಟೆ ಹನ್ನೊಂದು ದಾಟಿರಬೇಕು. ಸದ್ದು ಬರುತ್ತಿದ್ದದ್ದು ಗೋಡೆಯ ಆಚೆಯಿಂದ. ಮಂಗಳೂರಿನ ಹಂಪನಕಟ್ಟೆಯಲ್ಲಿ ಅವಳು ಕೆಲಸ ಮಾಡುವ ಪ್ರೆಸ್ಸಿಗೂ ಇವರ ಎರಡು ಕೋಣೆಯ ಬಾಡಿಗೆ ಮನೆಗೂ ನಡುವೆ ಒಂದೇ ಗೋಡೆ. ಏಳು ವರ್ಷ ಅಲ್ಲಿ ಕರಡು ತಿದ್ದಿದವಳಿಗೆ ಅಚ್ಚುಮೊಳೆಗಳ ಸದ್ದು ಬೇರೆಬೇರೆಯಾಗಿ ಗೊತ್ತು. ಅಕ್ಷರ ಜೋಡಿಸುವಾಗ ಸೀಸದ ಮೊಳೆ ಕಬ್ಬಿಣದ ಸ್ಟಿಕ್ಕಿಗೆ ತಾಗಿ ಟಿಕ್ ಎನ್ನುತ್ತದೆ. ಇದು ಟಿಕ್ ಅಲ್ಲ. ಇದು ಮೊಳೆ ಮರದ ಕೇಸಿನ ಖಾನೆಗೆ ಮರಳಿ ಬೀಳುವ ಸದ್ದು. ಯಾರೋ ಜೋಡಿಸಿದ ಪುಟವನ್ನು ಬಿಡಿಸಿ ಹಾಕುತ್ತಿದ್ದರು.

ಯಾವ ಪುಟ ಎಂದು ಯೋಚಿಸುತ್ತ ಅವಳು ಎದ್ದು ಕುಳಿತಳು. ಅಚ್ಚಾಗಿ ಮುಗಿದ ಪುಟಗಳನ್ನೆಲ್ಲ ಶನಿವಾರವೇ ಬಿಡಿಸಿ ಆಗಿತ್ತು. ಜೋಡಿಸಿಟ್ಟು ಅಚ್ಚಿಗೆ ಕಾಯುತ್ತಿದ್ದದ್ದು ಮಕ್ಕಳ ಮಾಸಪತ್ರಿಕೆಯ ರಜೆಯ ಸಂಚಿಕೆ ಒಂದೇ. ಅದರಲ್ಲಿ ಅವಳ ಕಥೆ ಇತ್ತು. ಬೇರೆಯವರ ತಪ್ಪು ತಿದ್ದಿ ತಿದ್ದಿ, ವಯಸ್ಸು ಮೂವತ್ತೊಂದಾದ ಮೇಲೆ ಅವಳ ಹೆಸರಿನಲ್ಲಿ ಬರಬೇಕಾಗಿದ್ದ ಮೊದಲ ಕಥೆ.

ಸೀರೆಯ ಸೆರಗನ್ನು ಹೊದ್ದುಕೊಂಡು ಹಿಂದಿನ ಅಂಗಳ ದಾಟಿ ಹೋದಳು. ಒಂದೇ ಬಲ್ಬಿನ ಕೆಳಗೆ ಕಂಪೋಸಿಟರ್ ತುಕ್ರ ನಿಂತಿದ್ದ. ಎಡಗೈಯಲ್ಲಿ ಬಿಡಿಸಿದ ಸಾಲುಗಳು, ಬಲಗೈ ಖಾನೆಯಿಂದ ಖಾನೆಗೆ. ಅವಳನ್ನು ಕಂಡು ಅವನು ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ.

“ಮಾಸ್ಟ್ರು ಹೇಳಿದ್ದು ಅಕ್ಕ. ನಿಮ್ಮ ಕಥೆಯಲ್ಲಿ ನಡುವಿನ ಮೂರು ಪೇಜು ಬೇಡ ಅಂತೆ. ಅದನ್ನು ಬಿಡಿಸದೆ ಬೇರೆ ಎಂತ ಕೂಡ ಜೋಡಿಸ್ಲಿಕ್ಕೆ ಆಗುವುದಿಲ್ಲ. ಮೊಳೆ ಎಲ್ಲಿ ಉಂಟು ನಮ್ಮಲ್ಲಿ?”

ಅದು ನಿಜವೇ. ಆ ಪ್ರೆಸ್ಸಿನಲ್ಲಿದ್ದ ಕನ್ನಡ ಮೊಳೆ ಮೂವತ್ತೆರಡು ಪುಟಕ್ಕೆ ಸರಿಯಾಗಿ ಸಾಲುತ್ತಿತ್ತು, ಮೂವತ್ತಮೂರನೆಯದಕ್ಕೆ ಇಲ್ಲ. ಒಬ್ಬರ ಮಾತು ಅಚ್ಚಾಗಬೇಕಾದರೆ ಇನ್ನೊಬ್ಬರ ಮಾತನ್ನು ಬಿಡಿಸಬೇಕು. ಒಂದು ಪುಟ ಆಗಲೇ ಖಾನೆಗಳಲ್ಲಿ ಹಂಚಿಹೋಗಿತ್ತು. ಎರಡು ಪುಟ ಗ್ಯಾಲಿಯ ತಗಡಿನ ಮೇಲೆ ನೂಲು ಸುತ್ತಿಕೊಂಡು ಕುಳಿತಿದ್ದವು. ಉಳಿದ ಎರಡನ್ನು ಬೆಳಗಿನ ತನಕ ಮುಟ್ಟಬೇಡ ಎಂದು ಅವಳು ಕೇಳಿಕೊಂಡಳು. ತುಕ್ರ ಬಲ್ಬನ್ನೂ ಅವಳನ್ನೂ ನೋಡಿ, ನನಗೂ ಕಣ್ಣು ಉರಿಯುತ್ತಾ ಉಂಟು ಎಂದು ಸ್ವಿಚ್ಚು ಆರಿಸಿದ.

ಬೆಳಗ್ಗೆ ಅಲೆಕ್ಸ್ ಮಾಸ್ಟ್ರು ಬರುವ ಮೊದಲೇ ಎಸ್ತೆರ್ ಅವರ ಮೇಜಿನ ಎದುರು ನಿಂತಿದ್ದಳು. ಮಾಸ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಈಗ ಆ ಮಾಸಪತ್ರಿಕೆಯ ಸಂಪಾದಕರು. ಒಳ್ಳೆಯ ಮನುಷ್ಯ. ಆದರೆ ತಾನು ಹೇಳಿದ್ದನ್ನು ಎದುರಿಗಿದ್ದವರು ಬರೆದುಕೊಳ್ಳುತ್ತಿದ್ದಾರೆ ಎಂಬ ಭಾವನೆಯಿಂದಲೇ ಮಾತಾಡುತ್ತಿದ್ದರು. ಕಥೆಯನ್ನು ಅವರು ನಂಬಿಕೆಯ ಮೇಲೆ ಕಂಪೋಸಿಗೆ ಕೊಟ್ಟಿದ್ದರು, ಓದಿದ್ದು ಕರಡಿನಲ್ಲಿ, ನಿನ್ನೆ.

ಕಥೆ ಇಷ್ಟೇ. ಬಂದರಿನ ಒಂದು ಹಳೆಯ ಗೋದಾಮಿನ ಹಿಂಬಾಗಿಲು ದಾಟಿದ ಕಿನ್ನಿ ಎಂಬ ಹುಡುಗಿ ಬೇರೊಂದು ಊರಿಗೆ ಹೋಗಿ ಬೀಳುತ್ತಾಳೆ. ಆ ಊರಿನಲ್ಲಿ ಒಬ್ಬರು ಒಂದು ಮಾತನ್ನು ಒಮ್ಮೆ ಆಡಿದರೆ ಆ ಮಾತು ಮರುದಿನ ಸೂರ್ಯ ಹುಟ್ಟುವ ತನಕ ಅವರ ಬಾಯಿಗೆ ಬರುವುದಿಲ್ಲ. ನೀರು ಎಂದು ಬೆಳಗ್ಗೆ ಹೇಳಿದವನು ಸಂಜೆ ಬಾಯಾರಿದರೂ ನೀರು ಎಂದು ಕೇಳಲಾರ. ಬಾಗಿ ಎಂಬ ಮುದುಕಿ ಕಿನ್ನಿಯನ್ನು ಕೂರಿಸಿಕೊಂಡು ಆ ಊರಿನ ರೀತಿ ನೀತಿಯನ್ನೆಲ್ಲ ಹೇಳುತ್ತಾಳೆ. ಮಾಸ್ಟ್ರು ತೆಗೆಸಿದ್ದು ಆ ಮೂರು ಪುಟ.

ಮಾಸ್ಟ್ರು ಕನ್ನಡಕ ಒರೆಸುತ್ತ, ಬೈಯದೆ, ಪಾಠ ಮಾಡುವ ಹಾಗೆ ಹೇಳಿದರು. ಇಂಥ ಕಥೆಗಳನ್ನು ಅವರು ಇಂಗ್ಲಿಷಿನಲ್ಲಿಯೂ ಬೇಕಾದಷ್ಟು ಓದಿದ್ದರಂತೆ. ಮೊದಲು ಒಂದು ಬಾಗಿಲು, ಅಥವಾ ಬಾವಿ, ಅಥವಾ ಮರದ ಪೊಟರೆ. ಆಮೇಲೆ ಏನೂ ಗೊತ್ತಿಲ್ಲದ ಒಂದು ಮಗು. ಆಮೇಲೆ ಎಲ್ಲ ಗೊತ್ತಿರುವ, ಬೇರೆ ಕೆಲಸವೇ ಇಲ್ಲದ ಒಬ್ಬ ಹಿರಿಯ. ಮಗು ಕೇಳುವುದು, ಹಿರಿಯ ಹೇಳುವುದು. ಬರೆಯುವವರಿಗೆ ಸುಖ.

“ಸೋಮಾರಿಗಳ ದಾರಿ ಅದು ಎಸ್ತೆರಮ್ಮ. ಆ ಊರನ್ನು ತೋರಿಸ್ಲಿಕ್ಕೆ ಬರುವುದಿಲ್ಲ, ಅದಕ್ಕೆ ಹೇಳಿಸುವುದು. ಕಿನ್ನಿ ಎಂತಕ್ಕೆ ಬೇಕು? ಆ ಊರಿನಲ್ಲೇ ಹುಟ್ಟಿದ ಒಂದು ಹುಡುಗಿಯ ಕಥೆ ಬರೆಯಿರಿ. ಓದುವವರಿಗೆ ತಾನಾಗಿ ಗೊತ್ತಾಗ್ತದೆ.”

“ನೀವು ಕಾರ್ಕಳದಿಂದ ಇಲ್ಲಿಯ ಬೋರ್ಡಿಂಗಿಗೆ ಬಂದ ದಿನ ಯಾರ ಹತ್ತಿರವೂ ಏನೂ ಕೇಳಲಿಲ್ಲವಾ ಮಾಸ್ಟ್ರೇ?”

“ಕೇಳಿದ್ದೆ. ಅದನ್ನು ಅಚ್ಚು ಹಾಕಿಸ್ಲಿಲ್ಲ.”

ಬಾಗಿಲ ಹತ್ತಿರ ನಿಂತಿದ್ದ ತುಕ್ರ ನಗು ತಡೆಯಲು ಕೆಮ್ಮಿದ. ಮಾತಿಗೆ ಮಾತು ಕೊಡುವುದು ಎಸ್ತೆರಳಿಗೆ ಯಾವತ್ತೂ ಕಷ್ಟ. ಸರಿಯಾದ ಉತ್ತರ ಅವಳಿಗೆ ಹೊಳೆಯುತ್ತಿದ್ದದ್ದು ಮನೆಗೆ ಹೋಗಿ ಅನ್ನಕ್ಕೆ ನೀರಿಟ್ಟ ಮೇಲೆ. ಆದರೂ ಅಂದು ಅವಳು ಅಲ್ಲಿಂದ ಕದಲಲಿಲ್ಲ.

“ಒಳಗೇ ಹುಟ್ಟಿದವರಿಗೆ ಬಾಗಿಲು ಬೇಡ, ಸರಿ,” ಎಂದಳು. “ಆದರೆ ಹೊರಗಿನಿಂದ ಬಂದವರೂ ಇದ್ದಾರೆ. ಅವರು ಕೇಳಲೇಬೇಕು. ಕೇಳುವುದು ಸೋಮಾರಿತನ ಅಲ್ಲ. ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳಲಿಕ್ಕೆ ಎಷ್ಟು ಧೈರ್ಯ ಬೇಕು ಎಂದು ಒಳಗಿನವರಿಗೆ ಗೊತ್ತಿರುವುದಿಲ್ಲ.”

ಮಾಸ್ಟ್ರು ಕನ್ನಡಕ ಏರಿಸಿಕೊಂಡು, ಕಿನ್ನಿಯ ಧೈರ್ಯದ ಬಗ್ಗೆ ತನಗೆ ದೂರಿಲ್ಲ, ಅಜ್ಜಿಯ ಉಪನ್ಯಾಸದ ಬಗ್ಗೆ ಮಾತ್ರ ಎಂದರು. ಆ ಮೂರು ಪುಟವನ್ನು ಹಾರಿಸದೆ ಓದುವ ಒಂದೇ ಒಂದು ಮಗುವನ್ನು ಇಡೀ ಮಂಗಳೂರಿನಲ್ಲಿ ಹುಡುಕಿ ತೋರಿಸಿ ಎಂದರು. ಖಾಲಿಯಾದ ಜಾಗಕ್ಕೆ ಅವರೇ ಬರೆದ ಒಗಟುಗಳಿದ್ದವು, ಮೂರು ಪುಟಕ್ಕೆ ಹೇಳಿ ಮಾಡಿಸಿದ ಹಾಗೆ. ಗುರುವಾರ ಬೆಳಗ್ಗೆ ಮೆಷಿನ್ ಓಡಬೇಕು. ತಂಗಿಯ ಮಗಳ ಮದುವೆಗೆಂದು ಅವರು ಆ ಮಧ್ಯಾಹ್ನವೇ ಕಾರ್ಕಳಕ್ಕೆ ಹೊರಟಿದ್ದರು, ಬರುವುದು ಶನಿವಾರ. ಹೊರಡುವಾಗ ಉಳಿದ ಎರಡು ಪುಟವನ್ನೂ ಬಿಡಿಸಿ ಒಗಟು ಜೋಡಿಸಲು ತುಕ್ರನಿಗೆ ಮತ್ತೊಮ್ಮೆ ಹೇಳಿ, ಒಗಟಿನ ಹಾಳೆಗಳನ್ನು ಕೊಟ್ಟುಹೋದರು.

ನಾಳೆ ಬೆಳಗಿನ ತನಕ ತಡೆ ಎಂದು ಎಸ್ತೆರ್ ಹೇಳಿದಾಗ ತುಕ್ರ, ನಾಳೆ ಸಂಜೆಯೊಳಗೆ ಏನಾದರೊಂದು ಆಗಲೇಬೇಕು, ಮೂರು ಪುಟ ಬಿಳಿಯಾಗಿ ಬಿಟ್ಟರೆ ಜಯಣ್ಣ ತನ್ನನ್ನು ಕೊಟ್ಟಾರದ ತನಕ ಓಡಿಸಿಕೊಂಡು ಬರುತ್ತಾರೆ ಎಂದ. ಜಯಣ್ಣ ಪ್ರೆಸ್ಸಿನ ಮಾಲಕರು, ತುಕ್ರನ ಮನೆ ಇದ್ದದ್ದು ಕೊಟ್ಟಾರದಲ್ಲಿ.

ಒಂದೇ ಒಂದು ಮಗು. ಅಂಥ ಮಗು ತನಗೆ ಗೊತ್ತಿದೆ ಎಂಬ ಧೈರ್ಯ ಎಸ್ತೆರಳಿಗೆ ಇತ್ತು. ವಾರಕ್ಕೆ ಮೂರು ಸಂಜೆ ಅವಳು ಬಂದರಿಗೆ ಹೋಗಿ, ಅಹ್ಮದ್ ಬಾವ ಎಂಬ ವ್ಯಾಪಾರಿಯ ಮನೆಯಲ್ಲಿ ಮುಮ್ತಾಝ್ ಎಂಬ ಹತ್ತು ವರ್ಷದ ಹುಡುಗಿಗೆ ಕನ್ನಡ ಪಾಠ ಹೇಳುತ್ತಿದ್ದಳು. ಕೈಗೆ ಸಿಕ್ಕಿದ್ದನ್ನು, ಬೆಲ್ಲ ಕಟ್ಟಿ ತಂದ ಕಾಗದವನ್ನು ಕೂಡ, ಬಿಡದೆ ಓದುವ ಹುಡುಗಿ. ಕರಡಿನ ಹಾಳೆಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಒಣಮೀನಿನ ಗೋದಾಮುಗಳ ಸಾಲು ದಾಟಿ ಅವಳು ಆ ಮನೆಯ ಹಿಂದಿನ ಜಗಲಿ ಹತ್ತಿದಳು.

ಮುಮ್ತಾಝ್ ಗೋಡೆಗೆ ಒರಗಿ ಓದಲು ಕುಳಿತಳು. ಎಸ್ತೆರ್ ಅವಳ ಕಣ್ಣುಗಳನ್ನೇ ನೋಡುತ್ತ ಕುಳಿತಳು. ಗೋದಾಮಿನ ಬಾಗಿಲಿನ ಹತ್ತಿರ ಕಣ್ಣು ಅರಳಿತು. ಬಾಗಿ ಅಜ್ಜಿ ಬಂದಳು, ಅರ್ಧ ಪುಟ ಕಳೆಯಿತು. ಹುಡುಗಿಯ ಬೆರಳು ಹಾಳೆಯ ಮೂಲೆಗೆ ಹೋಯಿತು. ಒಂದು ಹಾಳೆ ಮಗುಚಿತು. ಇನ್ನೊಂದು. ಇನ್ನೂ ಒಂದು.

“ಹಾರಿಸಿದೆಯಾ?”

“ಇಲ್ಲ ಟೀಚರ್,” ಎಂದಳು ಮುಮ್ತಾಝ್. ಆಮೇಲೆ, “ಸ್ವಲ್ಪ ಮಾತ್ರ. ಕಿನ್ನಿ ವಾಪಸು ಬರ್ತಾಳಾ ಇಲ್ವಾ ನೋಡ್ಲಿಕ್ಕೆ.”

ಎಸ್ತೆರಳಿಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಒಳಗಿನಿಂದ ಮುಮ್ತಾಝಳ ಅಜ್ಜಿ ಸಾರಮ್ಮ ಎಲೆ ಅಡಿಕೆಯ ಪೆಟ್ಟಿಗೆ ಹಿಡಿದುಕೊಂಡು ಬಂದು ಕುಳಿತರು. ಟೀಚರ್ ಬರೆದ ಕಥೆ ಎಂದು ಕೇಳಿದ್ದೇ ತನಗೂ ಹೇಳಬೇಕೆಂದರು. ಮುಮ್ತಾಝ್ ತಮ್ಮ ಮನೆಮಾತು ಬ್ಯಾರಿಯಲ್ಲಿ ಇಡೀ ಕಥೆಯನ್ನು ಹೇಳಿದಳು, ಹಾರಿಸಿದ ಪುಟಗಳನ್ನು ಎಸ್ತೆರಳ ಕಣ್ಣೆದುರಿಗೆ ಓದಿ ಓದಿ. ಸಾರಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಏನೋ ಕೇಳಿದರು. ಮುಮ್ತಾಝ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಎಂತ ಹೇಳಿದರು?”

“ಟೀಚರ್ ಬೇಜಾರ ಮಾಡ್ಬಾರ್ದು. ಆ ಊರಲ್ಲಿ ಮಾತು ಮುಗೀತದೆ ಅಲ್ವಾ, ಮತ್ತೆ ಈ ಮುದುಕಿಯದ್ದು ಯಾಕೆ ಮುಗಿಯುವುದಿಲ್ಲ ಅಂತ ಕೇಳ್ತಾರೆ ಉಮ್ಮಮ್ಮ. ಅವಳಿಗೆ ಎಲ್ಲಿಂದ ಬಂತು ಅಷ್ಟು ಮಾತು ಅಂತ.”

ಎಸ್ತೆರ್ ಹಾಳೆಗಳನ್ನು ಎತ್ತಿಕೊಂಡಳು. ಕೈಯಲ್ಲಿ ಹಿಡಿದಳು, ಓದಲಿಲ್ಲ. ಓದುವ ಅಗತ್ಯವಿರಲಿಲ್ಲ. ಬಾಗಿ ಅಜ್ಜಿ ಮೂರು ಪುಟದಲ್ಲಿ ಊರು ಎಂಬ ಮಾತನ್ನೇ ಹತ್ತು ಸಲ ಆಡಿದ್ದಳು. ಬೇರೆಯವರ ಬರಹದಲ್ಲಿ ಬಿಟ್ಟುಹೋದ ಒಂದು ಸೊನ್ನೆಯನ್ನು ಹಿಡಿಯುವವಳು, ತನ್ನ ಕಥೆಯ ನಟ್ಟನಡುವಿನ ಈ ತೂತನ್ನು ನೋಡಿರಲಿಲ್ಲ. ಮಾಸ್ಟ್ರೂ ನೋಡಿರಲಿಲ್ಲ. ಅವರು ಬಾಗಿಲನ್ನು ಬೈಯುವ ಅವಸರದಲ್ಲಿದ್ದರು.

ನಾಚಿಕೆಯಾಯಿತು. ಸೋಮಾರಿತನ ಇದ್ದದ್ದು ಹೌದು, ಇದ್ದದ್ದು ತನ್ನಲ್ಲಿಯೇ. ಆದರೆ ಆ ನಾಚಿಕೆಯ ಹಿಂದೆಯೇ, ಸಾರಮ್ಮನ ಸುಣ್ಣ ಹತ್ತಿದ ಬೆರಳನ್ನು ನೋಡುತ್ತಿದ್ದ ಹಾಗೆ, ಅವಳಿಗೆ ಬೇರೊಂದು ನೆನಪು ಬಂತು.

ಹದಿನಾಲ್ಕು ವರ್ಷದ ಹಿಂದೆ, ನಲವತ್ತೆಂಟನೆಯ ಇಸವಿಯಲ್ಲಿ, ಅವಳು ಕಾಲೇಜು ಸೇರಲು ಗದಗದಿಂದ ಬಂದವಳು. ಆಗ ಗದಗ ಮುಂಬಯಿ ಪ್ರಾಂತಕ್ಕೆ, ಮಂಗಳೂರು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಬಸ್ ಸ್ಟ್ಯಾಂಡಿನಲ್ಲಿ ತುಳು, ಹಾಸ್ಟೆಲಿನಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ. ಅವಳ ಕನ್ನಡ ಕೇಳಿ ಅಂಗಡಿಯವರು ನಗುತ್ತಿದ್ದರು. ಎರಡನೆಯ ತಿಂಗಳಲ್ಲಿ ಇದೇ ಮನೆಗೆ, ಮುಮ್ತಾಝಳ ತಾಯಿ, ಆಗ ಇನ್ನೂ ಹುಡುಗಿಯಾಗಿದ್ದ ಹಲೀಮಾಳಿಗೆ ಪಾಠ ಹೇಳಲು ಬಂದಿದ್ದಳು. ಬಾಗಿಲು ತೆರೆದದ್ದು ಸಾರಮ್ಮ. ಅವರಿಗೆ ಬ್ಯಾರಿ ಬರುತ್ತಿತ್ತು, ತುಳು ಬರುತ್ತಿತ್ತು. ಕನ್ನಡದ ಮಾತು ಹೆಚ್ಚೆಂದರೆ ನಲವತ್ತು, ಎಲ್ಲ ಸಂತೆಯವು. ಆ ನಲವತ್ತನ್ನೂ ಅವರು ಈ ಅಪರಿಚಿತ ಹುಡುಗಿಗಾಗಿ ಖರ್ಚು ಮಾಡಿದರು. ಕೂತ್ಕೊ. ಅಲ್ಲಿ ಗಂಡಸರು. ಇಲ್ಲಿ ನೀನು. ಮೀನು ಬೇಕಾ. ಚಾ ಬೇಕಾ. ನಾಳೆ ಬಾ. ಹಿಂದಿನ ಜಗಲಿಯ ಮೂರನೆಯ ಮೆಟ್ಟಿಲ ಕಲ್ಲು ಅಲುಗುತ್ತದೆ, ಜೋಪಾನ ಎಂದು ಹೇಳಬೇಕೆನ್ನುವಷ್ಟರಲ್ಲಿ ಕನ್ನಡ ಮುಗಿದುಹೋಯಿತು. ಸಾರಮ್ಮ ಬಾಯಿ ತೆರೆದರು, ಮುಚ್ಚಿದರು, ಕೊನೆಗೆ ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ತಮ್ಮ ಕಾಲಿನಿಂದಲೇ ಆ ಕಲ್ಲನ್ನು ಅಲುಗಿಸಿ ತೋರಿಸಿದರು. ಗದಗ ಬಿಟ್ಟ ಮೇಲೆ ಎಸ್ತೆರ್ ಮೊದಲ ಬಾರಿ ನಕ್ಕದ್ದು ಅಲ್ಲಿ.

ಹೇಳುವವರಿಗೆ ಬೇರೆ ಕೆಲಸ ಇರಲಿಲ್ಲ ಎಂದು ಮಾಸ್ಟ್ರು ಹೇಗೆ ಹೇಳಿಯಾರು? ಸಾರಮ್ಮನಿಗೆ ಒಲೆಯ ಮೇಲೆ ಅನ್ನ ಇತ್ತು, ತೊಟ್ಟಿಲಲ್ಲಿ ಮಗು ಇತ್ತು. ಕೈಯಲ್ಲಿ ಇದ್ದ ಮಾತು ನಲವತ್ತೇ.

ಪಾಠ ಬೇಗ ಮುಗಿಸಿ ಅವಳು ಮನೆಗೆ ಬಂದಳು. ಅಂದು ರಾತ್ರಿ ಊಟ ಮಾಡಲಿಲ್ಲ. ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದಳು. ಕಿನ್ನಿ ಬಾಗಿಲು ದಾಟುವಾಗ ಆ ಊರಿನಲ್ಲಿ ಸಂಜೆಯಾಗಿದೆ. ಬಾಗಿ ಅಜ್ಜಿಯ ಹತ್ತಿರ ಆ ದಿನದ ಮಾತು ಉಳಿದಿರುವುದು ಸ್ವಲ್ಪವೇ, ಅದನ್ನು ರಾತ್ರಿ ಮೊಮ್ಮಗನಿಗೆ ಲಾಲಿ ಹಾಡಲೆಂದು ಇಟ್ಟುಕೊಂಡಿದ್ದಾಳೆ. ದಾರಿ ತಪ್ಪಿದ ಹುಡುಗಿಯನ್ನು ಕಂಡು ಲಾಲಿಯ ಮಾತುಗಳನ್ನು ಒಂದೊಂದಾಗಿ ತೆಗೆದು ಅವಳಿಗೆ ಕೊಡುತ್ತಾಳೆ. ಒಂದು ಮಾತನ್ನೂ ಎರಡು ಸಲ ಆಡುವುದಿಲ್ಲ. ಕಿನ್ನಿ ಕೇಳಿದ ಒಂದೊಂದು ಪ್ರಶ್ನೆಗೂ ಒಳಗಿನ ತೊಟ್ಟಿಲಿನ ಹಾಡು ಒಂದೊಂದು ಸಾಲು ಕಡಿಮೆಯಾಗುತ್ತದೆ. ಅದು ಕಿನ್ನಿಗೆ ಗೊತ್ತಾಗುವಾಗ ತಡವಾಗಿದೆ. ಹಿಂದೆ ಹೋಗುವುದು ಹೇಗೆ ಎಂದು ಅವಳು ಕೇಳುತ್ತಾಳೆ. ಬಾಗಿಲು ಎಂಬ ಮಾತನ್ನು ಅಜ್ಜಿ ಬೆಳಗ್ಗೆಯೇ ನಾಯಿ ಒಳಗೆ ಬಂತೆಂದು ಬೈಯುವಾಗ ಖರ್ಚು ಮಾಡಿಬಿಟ್ಟಿದ್ದಾಳೆ. ಈಗ ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಹುಡುಗಿಯ ಕೈ ಹಿಡಿದುಕೊಂಡು ಎದ್ದು ನಿಲ್ಲುತ್ತಾಳೆ.

ಬರೆದು ಮುಗಿಸಿ ಸಾಲು ಎಣಿಸಿದಳು. ಹಳೆಯ ಎರಡು ಪುಟಗಳಲ್ಲಿ ಕಿನ್ನಿಯ ಮಾತುಗಳು, ಸಂಜೆಯ ಬೀದಿಯ ವರ್ಣನೆ ಹಾಗೆಯೇ ಉಳಿಯುತ್ತಿದ್ದವು. ಅಜ್ಜಿಯ ಸಾಲುಗಳನ್ನು ಮಾತ್ರ ಕಿತ್ತು ಹಾಕಿ, ಆ ಮೊಳೆಗಳಿಂದಲೇ ಹೊಸತನ್ನು ಜೋಡಿಸಬೇಕು. ಬೇಕೆಂದೇ ಮೂರು ಪುಟಕ್ಕೆ ಸರಿಯಾಗಿ ಬರೆದಿದ್ದಳು. ಬಾಗಿಲನ್ನು ತೆಗೆಯಲಿಲ್ಲ. ಹೇಳುವವಳನ್ನೂ ತೆಗೆಯಲಿಲ್ಲ.

ಬುಧವಾರ ಬೆಳಗ್ಗೆ ತುಕ್ರ ಆ ಹಾಳೆಗಳನ್ನು ಕಂಪೋಸ್ ಮಾಡುವವನ ಅಭ್ಯಾಸದಂತೆ ಮೊದಲು ಅರ್ಥದ ಕಡೆ ಗಮನ ಕೊಡದೆ ನೋಡಿದ. ಆಮೇಲೆ ನಿಂತು ಎರಡನೆಯ ಸಲ ಓದಿದ.

“ಮಾಸ್ಟ್ರ ಒಗಟು ಎಂತ ಮಾಡುವುದು?”

“ಮೊಳೆ ಎಲ್ಲಿ ಉಂಟು ನಮ್ಮಲ್ಲಿ?” ಎಂದಳು ಎಸ್ತೆರ್.

ತುಕ್ರ ಸ್ಟಿಕ್ಕು ಕೈಗೆತ್ತಿಕೊಂಡ. ನಡುವೆ ಒಮ್ಮೆ ಮಾತ್ರ, ಕೆಲಸ ಹೋದರೆ ತಾನು ಮೀನು ಮಾರಿಯಾದರೂ ಬದುಕುತ್ತೇನೆ, ನೀವು ಎಂತ ಮಾಡ್ತೀರಿ ಅಕ್ಕ ಎಂದು ಕೇಳಿದ. ಅದನ್ನು ಅವಳು ರಾತ್ರಿಯಿಡೀ ಯೋಚಿಸಿದ್ದಳು. ಪಿಂಚಣಿಯಿಲ್ಲದ ಅಮ್ಮ, ಎರಡು ಕೋಣೆಯ ಬಾಡಿಗೆ. ಅವಳ ಸ್ವಭಾವವೇ ಹಾಗೆ, ಬೀಗ ಹಾಕಿ ಹೊರಟು, ಅರ್ಧ ದಾರಿಯಿಂದ ಮರಳಿ ಬಂದು ಬೀಗ ಎಳೆದು ನೋಡುವವಳು. ತುಕ್ರನಿಗೆ ಅವಳು, ನಾನು ಹೇಳಿದ್ದಕ್ಕೆ ನೀನು ಜೋಡಿಸಿದ್ದು, ಯಾರು ಕೇಳಿದರೂ ಅಷ್ಟೇ ಹೇಳು ಎಂದಳು.

ಸಂಜೆ ಕೊನೆಯ ಕರಡು ಬಂತು. ಪ್ರತಿ ಸಂಚಿಕೆಗೂ ಒಂದು ಚೀಟಿ ಇರುತ್ತಿತ್ತು. ಅಕ್ಷರ ತಪ್ಪಿಲ್ಲ ಎಂದು ಅವಳ ಸಹಿ, ಅಚ್ಚಿಗೆ ಕೊಡಬಹುದು ಎಂದು ಮಾಸ್ಟ್ರ ಸಹಿ. ಮಾಸ್ಟ್ರು ಊರಿಗೆ ಹೋಗುವ ಮೊದಲು ಉಳಿದ ಪುಟಗಳ ಚೀಟಿಗೆ ಸಹಿ ಮಾಡಿಟ್ಟಿದ್ದರು. ಈ ಮೂರು ಪುಟಕ್ಕೆ ಬೇರೆ ಚೀಟಿ ಬೇಕಿತ್ತು, ಒಗಟಿನ ಕರಡಿಗೆ ಅವಳೇ ಅವರ ಪರವಾಗಿ ಸಹಿ ಮಾಡುವುದೆಂದು ಮಾತಾಗಿತ್ತು. ಎಸ್ತೆರ್ ಎರಡೂ ಕಡೆ ತನ್ನ ಹೆಸರನ್ನೇ ಬರೆದಳು. ಪರವಾಗಿ ಎಂಬ ಮಾತನ್ನು ಬರೆಯಲಿಲ್ಲ. ಅದು ಸುಳ್ಳಾಗುತ್ತಿತ್ತು.

ಗುರುವಾರ ಮೆಷಿನ್ ಓಡಿತು.

ಶನಿವಾರ ಹತ್ತು ಗಂಟೆಗೆ ಮಾಸ್ಟ್ರು ಮದುವೆ ಮನೆಯ ಲಾಡಿನ ಪೊಟ್ಟಣದೊಂದಿಗೆ ಬಂದರು. ಪೊಟ್ಟಣವನ್ನು ತುಕ್ರನ ಕೈಗೆ ಕೊಟ್ಟು, ಮೇಜಿನ ಮೇಲಿದ್ದ ಪ್ರತಿಯನ್ನು ಎತ್ತಿಕೊಂಡು, ತಮ್ಮ ಒಗಟುಗಳಿರಬೇಕಾದ ಪುಟವನ್ನು ತೆರೆದರು. ತೆರೆದವರು ಕೂರಲಿಲ್ಲ. ಎಸ್ತೆರ್ ತನ್ನ ಮೇಜಿನಲ್ಲಿ ಕೆಂಪು ಪೆನ್ಸಿಲನ್ನು ಹಿಡಿದು ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಒಂದು ಹಾಳೆ ಮಗುಚಿದ ಸದ್ದಾಯಿತು. ತುಂಬ ಹೊತ್ತಿನ ಮೇಲೆ ಇನ್ನೊಂದು. ಮಾಸ್ಟ್ರು ಹಾರಿಸುತ್ತಿರಲಿಲ್ಲ.

ಅಷ್ಟರಲ್ಲಿ ಜಯಣ್ಣ ಒಳಗೆ ಬಂದರು. ಅವರ ಕೈಯಲ್ಲಿಯೂ ಒಂದು ಪ್ರತಿ ಇತ್ತು.

“ಎಂತ ಮಾರಾಯ್ರೆ, ನಿಮ್ಮ ಒಗಟು ಎಲ್ಲಿ? ಮನೆಯಲ್ಲಿ ಮಕ್ಕಳಿಗೆ ಹೇಳಿ ಇಟ್ಟಿದ್ದೆ. ಯಾರು ತೆಗೆದದ್ದು?”

ಟಿಕ್ ಟಿಕ್ ಎನ್ನುತ್ತಿದ್ದ ತುಕ್ರನ ಕೈ ನಿಂತಿತು. ಎಸ್ತೆರ್ ಎದ್ದು ನಿಂತಳು. ನಾನು ಎನ್ನುವ ಮಾತು ಗಂಟಲಿನ ತನಕ ಬಂದಿತ್ತು. ಅದಕ್ಕೆ ಮೊದಲೇ ಮಾಸ್ಟ್ರು, ಪುಟದಿಂದ ಕಣ್ಣೆತ್ತದೆ ಹೇಳಿದರು.

“ನಾನೇ ಬೇಡ ಅಂದೆ. ಈ ಕಥೆಗೆ ಜಾಗ ಬೇಕಿತ್ತು.”

ಜಯಣ್ಣ, ಹಾಗಾದರೆ ಮುಂದಿನ ತಿಂಗಳು ಹಾಕಿ ಎಂದು ಹೇಳಿ ಲಾಡು ತಿಂದು ಹೋದರು. ಮಾಸ್ಟ್ರು ಬಂದು ಅವಳ ಮೇಜಿನ ಎದುರು ನಿಂತು ಚೀಟಿ ಕೇಳಿದರು. ಅವಳು ಕೊಟ್ಟಳು. ಎರಡೂ ಕಡೆ ಇದ್ದ ಅವಳ ಹೆಸರನ್ನು ನೋಡಿ, ಅವಳ ಪೆನ್ನನ್ನೇ ತೆಗೆದುಕೊಂಡು, ಎರಡನೆಯ ಹೆಸರಿನ ಪಕ್ಕದಲ್ಲಿ ತಮ್ಮ ಸಹಿ ಹಾಕಿ ಬುಧವಾರದ ತಾರೀಕು ಬರೆದರು. ಬುಧವಾರ ಅವರು ಕಾರ್ಕಳದ ಚಪ್ಪರದಲ್ಲಿ ಕುಳಿತಿದ್ದರು.

“ಮುಂದಿನ ಸಲ ನನ್ನನ್ನು ಕೇಳದೆ ಮಾಡಿದರೆ ನಾನು ಹೀಗೆ ಹೇಳುವುದಿಲ್ಲ,” ಎಂದರು. “ಬಾಗಿಲಿನ ಕಥೆ ಸೋಮಾರಿಗಳದ್ದು ಅಂತ ಈಗಲೂ ಹೇಳ್ತೇನೆ.”

“ಇದು?”

“ಇದು ನೀವು ಸೋಮಾರಿ ಅಲ್ಲದ್ದಕ್ಕೆ ಉಳಿಯಿತು.”

“ಹಾಗಾದರೆ ತಪ್ಪು ಬಾಗಿಲಿನದ್ದಲ್ಲ ಮಾಸ್ಟ್ರೇ. ಬರೆಯುವವರನ್ನು ಬೈಯಿರಿ. ಮೊನ್ನೆಯ ಮೂರು ಪುಟಕ್ಕೆ ನನ್ನನ್ನೂ ಬೈಯಿರಿ, ಕೇಳುತ್ತೇನೆ. ಬಾಗಿಲನ್ನು ಬೈಯಬೇಡಿ.”

ಈ ಸಲ ಉತ್ತರ ಸಮಯಕ್ಕೆ ಸರಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಮಾಸ್ಟ್ರು ತಮ್ಮ ಮೇಜಿಗೆ ಹೋಗಿ ಕುಳಿತು, ಪತ್ರಿಕೆಯನ್ನು ಮತ್ತೆ ಅದೇ ಪುಟಕ್ಕೆ ತೆರೆದರು.

ಮರುದಿನ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಆನಿ ಅವಳನ್ನು ಹಿಡಿದು ನಿಲ್ಲಿಸಿದಳು. ಆನಿ ಕಾಲೇಜಿನ ಗೆಳತಿ, ಈಗ ಶಾಲೆಯಲ್ಲಿ ಟೀಚರು, ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಸುರತ್ಕಲ್ ತಲುಪುತ್ತಿತ್ತು. ಕಥೆ ಓದಿದ್ದಳು, ಮೆಚ್ಚಿದ್ದಳು. ಆದರೆ ಅವಳಿಗೆ ತಿಳಿಯಬೇಕಾಗಿದ್ದದ್ದು ಬೇರೆ. ಇಂಥ ಕಥೆಗಳ ವಿರುದ್ಧ ಊರೂರಿಗೆ ಹೋಗಿ ಭಾಷಣ ಮಾಡುವ ಮಾಸ್ಟ್ರು ಇದನ್ನು ಹೇಗೆ ಒಪ್ಪಿದರು? ತಮ್ಮ ಒಗಟನ್ನೇ ತೆಗೆಸಿದರಂತೆ, ಹೌದಾ?

ಎಸ್ತೆರ್ ಬಾಯಿ ತೆರೆದಳು. ಹೇಳಬೇಕೆಂದು ತುಂಬ ಆಸೆಯಾಯಿತು. ಚೀಟಿಯ ಸಹಿ, ಮಾಸ್ಟ್ರ ಸುಳ್ಳು, ಎಲ್ಲ. ಹೇಳಿದರೆ ಮಂಗಳೂರಿಗೇ ಗೊತ್ತಾಗುತ್ತಿತ್ತು, ಕರಡು ತಿದ್ದುವವಳು ಸಂಪಾದಕರನ್ನು ಸೋಲಿಸಿದಳು ಎಂದು. ಆಮೇಲೆ ತುಕ್ರನ ಕೆಲಸ? ಮಾಸ್ಟ್ರು ಆಡಿದ ಒಂದು ಸುಳ್ಳಿನ ಗತಿ? ಅದಕ್ಕಿಂತಲೂ, ನಿನ್ನೆ ರಾತ್ರಿ ಅವಳು ಹೊಸ ಕಥೆಯ ಮೊದಲ ಪುಟ ಬರೆದಿದ್ದಳು. ಅದರಲ್ಲಿ ಒಬ್ಬ ಹುಡುಗ ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವ ಆರಿದ ಗೂಡಿನೊಳಗೆ ನುಸುಳಿ ಬೇರೊಂದು ಕಡೆ ಹೊರಗೆ ಬರುತ್ತಾನೆ, ಬಂದವನೇ ಕಂಡವರನ್ನೆಲ್ಲ ಪ್ರಶ್ನೆ ಕೇಳುತ್ತಾನೆ. ಅದನ್ನು ಇದೇ ಮಾಸ್ಟ್ರ ಮೇಜಿನ ಮೇಲೆ, ಈ ಸಲ ಅವರ ಕಣ್ಣೆದುರಿಗೇ, ಇಡಬೇಕಾಗಿತ್ತು.

ಅವರ ಹತ್ತಿರವೇ ಕೇಳು ಎಂದು ಆನಿಗೆ ಹೇಳಿ ಅವಳು ಅಮ್ಮನ ಕೈ ಹಿಡಿದುಕೊಂಡು ಗೇಟಿನ ಕಡೆ ನಡೆದಳು. ಎಂತ ವಿಷಯ ಎಂದು ಅಮ್ಮ ಕೇಳಿದರು. ಏನೂ ಇಲ್ಲ ಎಂದಳು. ಆನಿಗೂ ಇಲ್ಲ, ಅಮ್ಮನಿಗೂ ಇಲ್ಲ, ಇನ್ನು ಯಾರಿಗೂ ಹೇಳುವುದಿಲ್ಲ ಎಂದು ಗೇಟು ದಾಟುವಷ್ಟರಲ್ಲಿ ತೀರ್ಮಾನಿಸಿ ಆಗಿತ್ತು.